ಮದುವೆಗೆ ಅಂಟಿಸಿದ್ದು ಗಣಪತಿ ಹಬ್ಬಕ್ಕೆ ಕಿತ್ತು ಬಂತು

ಹಾಲಿನ ಗೋಡೆಗೆ ಫೋಮ್ ಸ್ಟಿಕರ್ ಅಂಟಿಸೋಣ, ಇಲ್ಲವೇ ಪಿವಿಸಿ ಪ್ಯಾನೆಲ್ ಹೊಡೆಸೋಣ ಎಂದು ಈ ಬೇಸಿಗೆಯಲ್ಲಿ ಲೆಕ್ಕ ಹಾಕುತ್ತಿರುವವರು, ಅದರಲ್ಲೂ ಸಾಗರ, ಹೊಸನಗರ, ತೀರ್ಥಹಳ್ಳಿ, ಕೊಪ್ಪ ಕಡೆಯವರು, ಆರ್ಡರ್ ಕೊಡುವ ಮೊದಲು ಇದನ್ನೊಮ್ಮೆ ಓದಿ.

ಹೊಸನಗರ ಕಡೆಯ ಒಂದು ಮನೆ. ಜಂಬಿಟ್ಟಿಗೆ ಕಲ್ಲಿನ 9 ಇಂಚಿನ ಗೋಡೆ, ಒಳಗೂ ಹೊರಗೂ ಸಿಮೆಂಟ್ ಗಾರೆ, ಮೇಲೆ ಆರ್‌ಸಿಸಿ. ಹಾಲಿನ ಪಡುವಣ ಗೋಡೆ 12 ಅಡಿ ಉದ್ದ, 9 ಅಡಿ ಎತ್ತರ. ನೆಲದಿಂದ ಎರಡೂವರೆ ಅಡಿವರೆಗೆ ಬಣ್ಣ ಹಪ್ಪಳದಂತೆ ಎದ್ದಿತ್ತು, ಅದರಡಿಯಲ್ಲಿ ಉಪ್ಪಿನಂಥ ಬಿಳಿ ಪುಡಿ. ಮೇಲೆ, ಬಲಗಡೆ ಮೂಲೆಯಲ್ಲಿ, ಚಹಾ ಚೆಲ್ಲಿದಂಥ ಕಲೆ. ಮೇ ತಿಂಗಳಲ್ಲಿ ಮನೆಯಲ್ಲೇ ಮದುವೆ. ಪೇಂಟರ್ ಬಂದು ನೋಡಿ, ‘ಪಿಒಪಿ ಎಳೆದು ಮೇಲೆ ಸ್ಟಿಕರ್ ಅಂಟಿಸಿದ್ರೆ ಏನೂ ಕಾಣಲ್ಲ ಅಣ್ಣಾ’ ಅಂದ. ಕಾಣಲಿಲ್ಲ, ನಿಜ. ಇಟ್ಟಿಗೆ ವಿನ್ಯಾಸದ ಬಿಳಿ ಫೋಮ್ ಹಾಳೆ, 70 ಸೆಂ.ಮೀ.ಗೆ 77 ಸೆಂ.ಮೀ.ನದು, ಒಂದಕ್ಕೆ ಸುಮಾರು 5.8 ಚದರ ಅಡಿ. 108 ಚದರ ಅಡಿ ಗೋಡೆಗೆ ಕತ್ತರಿಸಿ ಹಾಳಾಗುವುದೂ ಸೇರಿ 20 ಹಾಳೆ ಹಿಡಿಯಿತು. ಟಿವಿಯ ಹಿಂದೆ ಪ್ಲೈವುಡ್, ಅದನ್ನು ಗೋಡೆಗೆ ಹಿಡಿಸಲು ಮರದ ರೀಪು. ಒಂದೂವರೆ ದಿನದಲ್ಲಿ ಕೆಲಸ ಮುಗಿಯಿತು.

ಆರಿದ್ರಾ ಮಳೆ ಹಿಡಿದ ಮೇಲೆ ಹಾಳೆಗಳ ಮೂಲೆ ಬಿಡತೊಡಗಿತು. ಪುಷ್ಯ ಮಳೆ ಹೊತ್ತಿಗೆ ಹಾಲಿನಲ್ಲಿ ಒದ್ದೆ ಗೋಣಿಚೀಲದ ವಾಸನೆ. ಗಣಪತಿ ಹಬ್ಬದ ವಾರ ಕೆಳಗಡೆಯ ಏಳು ಹಾಳೆ, ಹಿಂದಿನ ಪಿಒಪಿಯನ್ನೂ ಎಳೆದುಕೊಂಡು ಒಟ್ಟಿಗೆ ಜಾರಿದವು. ಹಿಂದೆ ಗೋಡೆ ತುಂಬ ಕಪ್ಪು ಬೂಷ್ಟು. ಪ್ಲೈವುಡ್ಡಿನ ಕೆಳ ಅಂಚಿಗೆ ಬೆರಳು ಒತ್ತಿದರೆ ಒಳಗೆ ಹೋಗುತ್ತಿತ್ತು: ಗೆದ್ದಲು ನೆಲದಿಂದ ರೀಪಿನ ಗುಂಟ ಮಣ್ಣಿನ ದಾರಿ ಮಾಡಿಕೊಂಡು ಹತ್ತಿತ್ತು, ಸ್ಟಿಕರ್ ಇದ್ದುದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಟಿವಿ ಪಕ್ಕದ ಸ್ವಿಚ್‌ಬೋರ್ಡಿನ ಸ್ಕ್ರೂ ಮುಟ್ಟಿದರೆ ಜುಂ ಎನ್ನುತ್ತಿತ್ತು. ಈ ಕೊನೆಯದು ಉಳಿದೆಲ್ಲಕ್ಕಿಂತ ಅಪಾಯದ್ದು. ಒದ್ದೆ ಗೋಡೆಯ ಬೋರ್ಡ್ ಹೀಗೆ ಹೊಡೆಯುತ್ತಿದ್ದರೆ ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ನೋಡುವವರೆಗೆ ಆ ಲೈನ್ ಬಳಸಬೇಡಿ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ತಾನೇ ಲೈನ್ ಕಡಿಯುವ ಸ್ವಿಚ್) ಇಲ್ಲದ ಮನೆಯಾದರೆ ಬಣ್ಣದ ದುಡ್ಡಿನಲ್ಲಿ ಮೊದಲು ಅದನ್ನು ಹಾಕಿಸಿ.

ತಪ್ಪಾದದ್ದೆಲ್ಲಿ? ಆ ಗೋಡೆಗೆ ಎರಡು ಕಡೆಯಿಂದ ನೀರು ಬರುತ್ತಿತ್ತು, ಎರಡನ್ನೂ ಯಾರೂ ಹುಡುಕಲಿಲ್ಲ. ಕೆಳಗಿನದು ನೆಲದ ನೀರು. ಹೊರಗೆ ಗೋಡೆಗೆ ತಾಗಿದಂತೆ ಹೂವಿನ ಪಾತಿ ಮಾಡಿ, ವರ್ಷ ವರ್ಷ ಗೊಬ್ಬರ, ಮಣ್ಣು ಏರಿಸಿ, ಪಾತಿ ಪಾಯದ ಮಟ್ಟಕ್ಕಿಂತ ಮುಕ್ಕಾಲು ಅಡಿ ಮೇಲೆ ಬಂದಿತ್ತು. ಜಂಬಿಟ್ಟಿಗೆ ಸಣ್ಣ ಸಣ್ಣ ತೂತಿನ ಕಲ್ಲು, ದೀಪದ ಬತ್ತಿ ಎಣ್ಣೆ ಎಳೆದಂತೆ ನೀರು ಎಳೆಯುತ್ತದೆ. ನೀರು ಮಣ್ಣಿನ ಲವಣ ಹೊತ್ತು ಏರಿ, ಒಳಮುಖದಲ್ಲಿ ಆರಿ, ಲವಣವನ್ನು ಬಣ್ಣದಡಿ ಬಿಟ್ಟು ಹೋಗುತ್ತದೆ. ಬಣ್ಣ ಏಳಿಸುವುದು ಹರಳುಗಟ್ಟಿ ಉಬ್ಬುವ ಈ ಲವಣ. ಮೇಲಿನ ಕಲೆ ಎರಚಲಿನದು. ಮುಂಗಾರಿನ ಗಾಳಿ ನೈಋತ್ಯ, ಪಡುವಣದಿಂದ ಬೀಸುವುದರಿಂದ ನಮ್ಮಲ್ಲಿ ಪಡುವಣ, ತೆಂಕಣ ಗೋಡೆಗಳೇ ಮೊದಲು ನೆನೆಯುತ್ತವೆ. ಹೊರಗಾರೆಯಲ್ಲಿ ಕೂದಲಿನಷ್ಟು ಬಿರುಕಿದ್ದರೂ ತಿಂಗಳುಗಟ್ಟಲೆ ಸುರಿಯುವ ಮಳೆಗೆ ಅದು ದಾರಿಯೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಮೀರಿ ಮಳೆ. ಬಯಲುಸೀಮೆಯ ಮನೆಗೆ ಬರೆದ ಅಲಂಕಾರದ ಸಲಹೆ ಇಲ್ಲಿ ಹೊಂದದಿರುವುದಕ್ಕೆ ಬೇರೆ ಕಾರಣ ಬೇಕಿಲ್ಲ.

ಇನ್ನು ಪಿಒಪಿ. ಅದು ಜಿಪ್ಸಮ್, ನೀರಿನಲ್ಲಿ ನಿಧಾನವಾಗಿ ಕರಗುವ ವಸ್ತು. ಒಣ ಕೋಣೆಯ ಚಾವಣಿಗೆ ಚೆಂದ, ಒದ್ದೆ ಗೋಡೆಗೆ ಮೊಸರಿನಂತೆ ಮೆತ್ತಗಾಗುತ್ತದೆ. ಬಿಳಿ ಸಿಮೆಂಟಿನ ಪುಟ್ಟಿ ಇದಕ್ಕಿಂತ ಗಟ್ಟಿ, ಆದರೆ ಲವಣ ಏರುತ್ತಿರುವ ಗೋಡೆಯಲ್ಲಿ ಅದೂ ಒಂದೆರಡು ಮಳೆಗಾಲಕ್ಕೆ ಎದ್ದು ಬರುತ್ತದೆ. ಫೋಮ್ ಹಾಳೆ, ಪಿವಿಸಿ, ಆಯಿಲ್ ಪೇಂಟ್, ಈ ಮೂರೂ ಗೋಡೆಯ ಉಸಿರು ಕಟ್ಟಿಸುವ ಪದಾರ್ಥಗಳು. ಒಳಗಿನ ತೇವ ಹೊರಬರಲಾಗದೆ ಇನ್ನೂ ಮೇಲೆ ಏರುತ್ತದೆ: ಎರಡೂವರೆ ಅಡಿಗೆ ನಿಂತಿದ್ದ ಕಲೆ ಸ್ಟಿಕರ್ ಕಿತ್ತಾಗ ನಾಲ್ಕು ಅಡಿ ದಾಟಿತ್ತು. ಒಳಗಡೆಯಿಂದ ‘ವಾಟರ್‌ಪ್ರೂಫ್’ ಬಳಿಸುವವರಿಗೂ ಆಗುವುದು ಇದೇ.

ಆ ವಾಟರ್‌ಪ್ರೂಫ್ ದ್ರಾವಣದಲ್ಲಿ ಇನ್ನೊಂದು ಮೋಸ ಅಡಗಿದೆ. 50 ಕೆ.ಜಿ. ಸಿಮೆಂಟ್ ಚೀಲಕ್ಕೆ 200 ಮಿ.ಲೀ. ಎಂದು ಡಬ್ಬಿಯ ಮೇಲೆ ಬರೆದಿರುವ ದ್ರಾವಣ ಹೊಸ ಗಾರೆ ಕಲಸುವಾಗ ನೀರಿಗೆ ಬೆರೆಸಲು ಇರುವುದು. ಅದನ್ನೇ ಬ್ರಶ್ಶಿನಲ್ಲಿ ಹಳೆ ಗೋಡೆಗೆ ಬಳಿದು ಚದರ ಅಡಿಗಿಷ್ಟು ಎಂದು ದುಡ್ಡು ಎಣಿಸಿಕೊಳ್ಳುವವರಿದ್ದಾರೆ. ಡಬ್ಬಿ ತರಿಸಿ, ನೀವೇ ಓದಿ, ಆಮೇಲೆ ಮುಚ್ಚಳ ತೆಗೆಯಲು ಬಿಡಿ.

ಗೋಡೆಗೆ ಏನಾದರೂ ಅಂಟಿಸುವ ಮೊದಲು ಮಾಡಬೇಕಾದ ಪರೀಕ್ಷೆಗೆ ಖರ್ಚೇ ಇಲ್ಲ. ಒಂದು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಗಾಳಿ ಹೋಗದಂತೆ ಟೇಪ್ ಹಚ್ಚಿ, ಎರಡು ದಿನ ಬಿಡಿ. ಹಾಳೆಯ ಗೋಡೆ ಕಡೆಯ ಮುಖದಲ್ಲಿ ನೀರಹನಿ ಕಂಡರೆ ತೇವ ಗೋಡೆಯೊಳಗಿನದು. ಕೋಣೆ ಕಡೆಯ ಮುಖದಲ್ಲಿ ಕಂಡರೆ ಗಾಳಿಯ ತೇವ ತಣ್ಣನೆ ಗೋಡೆಗೆ ತಾಗಿ ಹನಿಯಾಗಿದೆ. ಅದಕ್ಕೆ ಕಿಟಕಿ ತೆರೆಯುವುದು, ಬೀರುವನ್ನು ಗೋಡೆಯಿಂದ ನಾಲ್ಕು ಇಂಚು ಈಚೆ ಎಳೆಯುವುದು, ಒಳಗೆ ಬಟ್ಟೆ ಒಣಗಿಸದಿರುವುದು ಸಾಕು. ಈ ಪರೀಕ್ಷೆಯನ್ನು ಏಪ್ರಿಲ್‌ನಲ್ಲಿ ಮಾಡಿ ಗೋಡೆ ಒಣಗಿದೆ ಎಂದು ನಂಬಬೇಡಿ. ಆಗಸ್ಟಿನಲ್ಲೊಮ್ಮೆ, ಫೆಬ್ರುವರಿಯಲ್ಲೊಮ್ಮೆ ಮಾಡಿದರೆ ಗೋಡೆಯ ಜಾತಕ ತಿಳಿಯುತ್ತದೆ. ಕಲೆಯ ಆಕಾರವೂ ಅರ್ಧ ಉತ್ತರ ಹೇಳುತ್ತದೆ. ನೆಲದಿಂದ ಒಂದೇ ಮಟ್ಟಕ್ಕೆ ಪಟ್ಟಿಯಂತಿದ್ದರೆ ಪಾಯದ ನೀರು. ಗಾಳಿಮಳೆ ಬಂದ ಮಾರನೇ ದಿನ ಗಾಢವಾಗುವ ಕಲೆ ಎರಚಲಿನದು. ಬೇಸಿಗೆಯಲ್ಲೂ ದುಂಡಗೆ ಬೆಳೆಯುತ್ತಿದ್ದರೆ ಪೈಪ್ ಸೋರುತ್ತಿದೆ: ರಾತ್ರಿ ನಲ್ಲಿಗಳನ್ನೆಲ್ಲ ಮುಚ್ಚಿ, ಟ್ಯಾಂಕಿಗೆ ನೀರು ಬರುವ ವಾಲ್ವನ್ನೂ ಮುಚ್ಚಿ, ನೀರಿನ ಮಟ್ಟ ಗುರುತು ಹಾಕಿ ಬೆಳಿಗ್ಗೆ ನೋಡಿ. ಮಟ್ಟ ಇಳಿದಿದ್ದರೆ ಪೇಂಟರನ್ನು ಕರೆಯಬೇಡಿ, ಪ್ಲಂಬರನ್ನು ಕರೆಯಿರಿ.

ಆ ಮನೆಯ ರಿಪೇರಿಯಲ್ಲಿ ಅತಿ ಹೆಚ್ಚು ಉಪಯೋಗ ಆದ ಕೆಲಸಕ್ಕೆ ಒಂದು ಹಾರೆ, ಒಂದು ಬುಟ್ಟಿ, ಇಬ್ಬರ ಒಂದು ದಿನದ ಕೂಲಿ ಸಾಕಾಯಿತು. ಪಾತಿಯ ಮಣ್ಣು ತೆಗೆದು, ಹೊರನೆಲವನ್ನು ಪಾಯದ ಮೇಲ್ಮಟ್ಟಕ್ಕಿಂತ ಒಂದೂವರೆ ಅಡಿ ಕೆಳಗೆ ಇಳಿಸಿದರು. ಅದಾದ ಮೇಲೆ ಗೋಡೆಯಿಂದ ಮೂರು ಅಡಿ ಅಗಲಕ್ಕೆ ಕಾಂಕ್ರೀಟ್ ಅಂಚು, ಹೊರಮುಖವಾಗಿ ಒಂದು ಇಂಚು ಇಳಿಜಾರು, ಕೊನೆಯಲ್ಲಿ ಚರಂಡಿ. ಮನೆಯ ಹಿಂದೆ ದರೆ (ಗುಡ್ಡ ಕಡಿದ ಕಡಿದಾದ ಮಣ್ಣಿನ ಬದಿ) ಇದ್ದರೆ ಇದರ ಜೊತೆಗೆ ದರೆಯ ಬುಡದಲ್ಲೂ ಚರಂಡಿ ಬೇಕು. ದರೆಯ ಒರತೆ ನೀರು ನೇರ ಪಾಯಕ್ಕೆ ಬಂದು ನಿಂತರೆ ಒಳಗೆ ಚಿನ್ನದ ತಗಡು ಹೊಡೆದರೂ ಪ್ರಯೋಜನವಿಲ್ಲ. ಪ್ರತಿ ವರ್ಷ ಮೇ ಕೊನೆಗೆ ಆ ಚರಂಡಿಯ ತರಗೆಲೆ ಬಾಚಿ ತೆಗೆಯಬೇಕು, ಇಲ್ಲದಿದ್ದರೆ ಮೊದಲ ಜಡಿಗೇ ಕಟ್ಟಿಕೊಳ್ಳುತ್ತದೆ.

ಎರಚಲಿಗೆ ಮದ್ದು ಹೊರಗಿನಿಂದಲೇ. ಗಾರೆಯ ಬಿರುಕನ್ನು ಮೊನೆಯುಳಿಯಿಂದ ಇಂಗ್ಲಿಷಿನ ‘ವಿ’ ಆಕಾರಕ್ಕೆ ಅಗಲಿಸಿ, ಧೂಳು ಬ್ರಶ್ಶಿನಿಂದ ತೆಗೆದು, ಹೊರಗಡೆಗೆಂದೇ ಬರುವ ಅಕ್ರಿಲಿಕ್ ಫಿಲ್ಲರ್ ತುಂಬಬೇಕು. ಬಿರುಕಿನ ಮೇಲೆ ಸುಮ್ಮನೆ ಸವರಿದರೆ ಮುಂದಿನ ಬಿಸಿಲಿಗೇ ಬಾಯಿ ಬಿಡುತ್ತದೆ. ಗಾರೆಯಿಲ್ಲದ ಬರಿಗಲ್ಲಿನ ಗೋಡೆಯಾದರೆ ಸಂದುಗಳನ್ನು ಮುಕ್ಕಾಲು ಇಂಚು ಆಳಕ್ಕೆ ಕೆರೆದು, ಒಂದು ಪಾಲು ಸಿಮೆಂಟ್, ಒಂದು ಪಾಲು ಸುಣ್ಣ, ಆರು ಪಾಲು ಮರಳಿನ ಗಾರೆ ತುಂಬಿ. ಕಲ್ಲು ಮಿಂಚಲಿ ಎಂದು ವಾರ್ನಿಶ್ ಬಳಿಸುವುದು ಈಗ ಹೆಚ್ಚಾಗಿದೆ. ಒಳಗೆ ತೇವ ಉಳಿದಿದ್ದರೆ ಆ ಹೊಳಪು ಹಾಲಿನ ಕೆನೆಯಂತೆ ಬೆಳ್ಳಗಾಗಿ ಸುಲಿಯುತ್ತದೆ. ಸಿಲೇನ್-ಸಿಲಾಕ್ಸೇನ್ ಮಾದರಿಯ, ಪದರ ಕಟ್ಟದೆ ಕಲ್ಲಿನೊಳಗೆ ಇಳಿಯುವ ದ್ರಾವಣ ಕೇಳಿ, ಅದನ್ನೂ ಕಲ್ಲು ಪೂರ್ತಿ ಒಣಗಿದ ಮೇಲೇ ಬಳಿಸಿ. ದುಡ್ಡಿಲ್ಲದಿದ್ದರೆ ಹಳೆಯ ಉಪಾಯವೇ ಸಾಕು. ಮಳೆಗಾಲಕ್ಕೆ ಹೊರಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದವರು ಗೋಡೆಯನ್ನು ಒಣದಾಗಿ ಇಟ್ಟುಕೊಂಡಿದ್ದರು. ಸೋಗೆ ಸಿಗದಿದ್ದರೆ ಟಾರ್ಪಾಲಿನ್, ಆದರೆ ಗೋಡೆಗೆ ಅಂಟದಂತೆ ಅರ್ಧ ಅಡಿ ಬಿಟ್ಟು, ಸೂರಿನ ಪಕಾಸಿಗೆ ಅಥವಾ ಸಜ್ಜಾಕ್ಕೆ ಕಟ್ಟಿ. ನೋಡಲು ಚೆಂದವಲ್ಲ ಎಂಬ ಮಾತು ಒಪ್ಪೋಣ. ನಾಲ್ಕು ತಿಂಗಳ ಮಾತು.

ಒಳಗೆ ಕಿತ್ತ ಮೇಲೆ ಮಾಡಿದ್ದು ಹೀಗೆ. ಸ್ಟಿಕರಿನ ಗೋಂದನ್ನು ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡುತ್ತಾ ಕೆರೆದರು, ಬೋರ್ಡಿನ ಲೈನ್ ಮೊದಲೇ ಆಫ್. ಬೂಷ್ಟಿಗೆ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಮೂರು ಪಾಲು ನೀರು, ಬಟ್ಟೆಯಿಂದ ಒರೆಸಿ ಕಾಲು ಗಂಟೆ ಬಿಟ್ಟು ಮತ್ತೆ ಒರೆಸುವುದು. ಮಾಸ್ಕ್, ಕೈಗವಸು, ತೆರೆದ ಕಿಟಕಿ. ಬ್ಲೀಚಿಗೆ ಟಾಯ್ಲೆಟ್ ಕ್ಲೀನರ್ ಆಗಲಿ ಬೇರೆ ಆಸಿಡ್ ಆಗಲಿ ಬೆರೆಸಬಾರದು, ಕ್ಲೋರಿನ್ ವಿಷಾನಿಲ ಏಳುತ್ತದೆ. ಬಿಳಿ ಲವಣವನ್ನು ಒಣ ಬ್ರಶ್ಶಿನಿಂದ ಉಜ್ಜಿ, ಕೆಳಗೆ ಹಾಸಿದ ಪೇಪರಿನಲ್ಲಿ ಹಿಡಿದು ಹೊರಗೆ ಚೆಲ್ಲಬೇಕು. ನೀರು ಹಾಕಿ ತೊಳೆದರೆ ಲವಣ ಕರಗಿ ಮತ್ತೆ ಗೋಡೆಯೊಳಗೇ ಸೇರುತ್ತದೆ. ಹಾಳಾದ ಗಾರೆಯನ್ನು ಕಲೆಯ ಮೇಲಿನ ಗೆರೆಗಿಂತ ಒಂದು ಅಡಿ ಮೇಲಿನವರೆಗೆ ಕಲ್ಲು ಕಾಣುವಂತೆ ಕೆತ್ತಿ ತೆಗೆದರು.

ಆಮೇಲೆ ಕಾದರು, ಬಹಳ ಜನ ಸೋಲುವುದು ಇಲ್ಲಿ. ಗೋಡೆ ಒಂದು ಇಂಚು ದಪ್ಪ ಒಣಗಲು ಹೆಚ್ಚುಕಡಿಮೆ ಒಂದು ತಿಂಗಳು ಎಂಬುದು ಕಟ್ಟಡದವರ ಅಂದಾಜು. 9 ಇಂಚಿನ ಗೋಡೆ ಎರಡೂ ಮುಖದಿಂದ ಒಣಗಿದರೂ ನಾಲ್ಕೈದು ತಿಂಗಳು ಬೇಕು. ಅಕ್ಟೋಬರ್ ಕೊನೆಗೆ ಮಳೆ ಬಿಟ್ಟರೆ ಲೆಕ್ಕ ಶಿವರಾತ್ರಿ ದಾಟುತ್ತದೆ. ದೀಪಾವಳಿಗೆ ಬಣ್ಣ ಹೊಡೆಸುವ ಪದ್ಧತಿ ಮಲೆನಾಡಿನ ಮನೆಗಳ ಹೊರಗೋಡೆಗೆ ಹೇಳಿಸಿದ್ದಲ್ಲ, ಗೋಡೆ ಹೊಟ್ಟೆ ತುಂಬ ನೀರು ಕುಡಿದಿರುವ ಹೊತ್ತದು. ಹಬ್ಬಕ್ಕೆ ಒಳಗೋಡೆ ಬಳಿಸಿ, ಪಡುವಣ ಗೋಡೆಯನ್ನು ಮಾರ್ಚಿಗೆ ಬಿಡಿ.

ಮಾರ್ಚಿನಲ್ಲಿ ಒಳಗೆ ಸುಣ್ಣದ ಗಾರೆ, ಒಂದಕ್ಕೆ ಮೂರು ಮರಳು, ಒಂದು ಸಲಕ್ಕೆ ಅರ್ಧ ಇಂಚಿಗಿಂತ ದಪ್ಪ ಬೇಡ. ಬೇಗ ಗಟ್ಟಿಯಾಗಬೇಕೆಂದರೆ ಮೇಲೆ ಹೇಳಿದ ಒಂದು-ಒಂದು-ಆರರ ಪಾಕ. ಅದರ ಮೇಲೆ ಸುಣ್ಣ ಬಳಿಯುವುದು: ಒಂದು ಕೆ.ಜಿ. ಸುಣ್ಣಕ್ಕೆ ಐದು ಲೀಟರ್ ನೀರು, ಒಂದಿಡೀ ದಿನ ನೆನೆಸಿ, ಬಟ್ಟೆಯಲ್ಲಿ ಸೋಸಿ, ಅಂಟಿಗೆ ಸ್ವಲ್ಪ ಅಕ್ಕಿಗಂಜಿ. ನೀರಿಗೆ ಸುಣ್ಣ ಹಾಕಬೇಕು, ಸುಟ್ಟ ಸುಣ್ಣದ ಮೇಲೆ ನೀರು ಸುರಿದರೆ ಕುದಿದು ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಮೂರು ತೆಳು ಪದರ, ಒಂದು ಒಣಗಿದ ಮೇಲೆ ಇನ್ನೊಂದು. ಹಳೆ ಪ್ಲಾಸ್ಟಿಕ್ ಪೇಂಟಿನ ಮೇಲೆ ಸುಣ್ಣ ಕೂರುವುದಿಲ್ಲ, ಪೂರ್ತಿ ಕೆರೆಯಬೇಕು. ಬಣ್ಣ ಬೇಕಿದ್ದರೆ ಕೆಮ್ಮಣ್ಣು ಬೆರೆಸಿ. ಸಾಗರದ ಕಡೆ ದೀವರ ಮನೆಗಳಲ್ಲಿ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆಯುತ್ತಾರಲ್ಲ, ಆ ಗೋಡೆಗೆ ಉಸಿರಾಡಲು ಯಾವ ಅಡ್ಡಿಯೂ ಇಲ್ಲ. ಇಟ್ಟಿಗೆ ವಿನ್ಯಾಸದ ಫೋಮಿಗಿಂತ ನೂರು ಪಾಲು ಚೆಂದವೂ ಹೌದು.

ಅಷ್ಟರೊಳಗೆ ಮದುವೆಯೋ ಗೃಹಪ್ರವೇಶವೋ ಬಂದುಬಿಟ್ಟರೆ ಗೋಡೆಗೆ ಏನನ್ನೂ ಅಂಟಿಸದೆ ಮುಚ್ಚಬಹುದು. ಸೂರಿನ ಕೆಳಗೆ ಪರದೆಯ ಸರಳು ಹಾಕಿ, ಗೋಡೆಯಿಂದ ಎರಡು ಇಂಚು ಈಚೆಗೆ ಹತ್ತಿ ಸೀರೆಯನ್ನೋ ಬಿದಿರಿನ ಚಾಪೆಯನ್ನೋ ಇಳಿಬಿಡಿ. ಮಳೆ ಹಿಡಿದಾಗ ಸುತ್ತಿ ಮೇಲೆ ಕಟ್ಟಿದರೆ ಗೋಡೆಗೂ ಗಾಳಿ, ಗೆದ್ದಲು ಹತ್ತಿದರೆ ಕಣ್ಣಿಗೂ ಬೀಳುತ್ತದೆ. ಫೋಮ್ ಹಾಳೆ ಅಂಟಿಸಲೇಬೇಕೆಂಬ ಆಸೆಯಿದ್ದರೆ ಎರಡೂ ಬದಿ ಕೋಣೆಯಿರುವ ಒಳಗೋಡೆಗೆ, ಪ್ಲಾಸ್ಟಿಕ್ ಪರೀಕ್ಷೆ ಪಾಸಾದ ಮೇಲೆ ಅಂಟಿಸಿ. ಗ್ಯಾಸ್ ಒಲೆಯ ಹಿಂದೆ ಮಾತ್ರ ಯಾವ ಗೋಡೆಯಾದರೂ ಬೇಡ, ಅದು ಬೆಂಕಿ ಹಿಡಿಯುವ ವಸ್ತು. ಪಿವಿಸಿ ಪ್ಯಾನೆಲ್ಲಿಗೆ ಮರದ ರೀಪಿನ ಬದಲು ಅಲ್ಯುಮಿನಿಯಂ ಪಟ್ಟಿ ಹೊಡೆಸಿ, ಕೆಳಗೂ ಮೇಲೂ ಅರ್ಧ ಇಂಚು ಗಾಳಿಗೆ ಬಿಡಿಸಿ, ಡ್ರಿಲ್ ಮಾಡುವ ಮೊದಲು ಒಳಗಿನ ವೈರಿನ ಪೈಪ್ ಎಲ್ಲಿ ಹೋಗಿದೆ ಎಂದು ಸ್ವಿಚ್‌ಬೋರ್ಡಿನಿಂದ ನೇರ ಮೇಲೆ ಚಾಕ್‌ನಲ್ಲಿ ಗೆರೆ ಎಳೆದುಕೊಳ್ಳಿ.