ಸಿಂಗಾಪುರದಲ್ಲಿ ಶಾಪಿಂಗ್: ಬುಗಿಸಾ, ಮುಸ್ತಫಾನಾ, ಆರ್ಚರ್ಡ್ ರೋಡಾ?

ಅರ್ಧ ದಿನ ಮಾತ್ರ ಇದೆ, ಎಲ್ಲಿಗೆ ಹೋಗಲಿ ಅಂತ ಕೇಳಿದ್ದೀರಿ. ಮೊದಲು ಏನು ಕೊಳ್ಳಬೇಕು ಅಂತ ಪಟ್ಟಿ ಮಾಡಿ.

ಅಗ್ಗ ಬೇಕಾದರೆ ಬುಗಿಸ್ ಸ್ಟ್ರೀಟ್. ಕೀಚೈನ್, ಟೀಶರ್ಟ್, ಮ್ಯಾಗ್ನೆಟ್ ಜಾಸ್ತಿ ಕೊಂಡರೆ ಸ್ವಲ್ಪ ಚೌಕಾಸಿಯೂ ನಡೆಯುತ್ತದೆ. ಬಾಳಿಕೆ ಮಾತ್ರ ಕೇಳಬೇಡಿ. ಆಫೀಸಿನವರಿಗೆ ಹಂಚಲು ಅಷ್ಟು ಸಾಕು, ಅಲ್ವಾ?

ಲಿಟಲ್ ಇಂಡಿಯಾದ ಮುಸ್ತಫಾ ಸೆಂಟರ್‌ನಲ್ಲಿ ಚಾಕೊಲೇಟ್, ಸೆಂಟು, ವಾಚು, ಚಿನ್ನ, ಕೊನೆಗೆ ಅದನ್ನೆಲ್ಲ ತುಂಬಲು ಸೂಟ್‌ಕೇಸು, ಎಲ್ಲ ಒಂದೇ ಕಡೆ ಸಿಗುತ್ತವೆ. ತಡರಾತ್ರಿವರೆಗೂ ತೆರೆದಿರುತ್ತದೆ. ಹಾಗಾಗಿ ಹಗಲೆಲ್ಲ ಊರು ಸುತ್ತಿ, ಊಟ ಮುಗಿಸಿ ಹೋಗಬಹುದು. ಆದರೆ ಒಳಗೆ ಇಕ್ಕಟ್ಟು. ಭಾನುವಾರ ಸಂಜೆ ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋದರೆ ಸುಸ್ತಾಗುತ್ತೀರಿ.

ಬ್ರ್ಯಾಂಡೆಡ್ ಬ್ಯಾಗು, ಶೂ ಬೇಕಿದ್ದರೆ, ವಯಸ್ಸಾದವರು ಜೊತೆಗಿದ್ದರೆ ಆರ್ಚರ್ಡ್ ರೋಡ್. ಏಸಿ ಮಾಲ್‌ಗಳು ಸಾಲಾಗಿವೆ, ಮಳೆ ಬಂದರೂ ಚಿಂತೆಯಿಲ್ಲ. ಸುಮ್ನೆ ನೋಡಿಕೊಂಡು ಬರಲೂ ಚೆನ್ನ.

ಇನ್ನು ತೆರಿಗೆ. ಅಲ್ಲಿನ ಜಿಎಸ್‌ಟಿ 9%. ಪ್ರವಾಸಿಗರಿಗೆ ತೆರಿಗೆ ವಾಪಸ್ ಕೊಡುವ ಅಂಗಡಿಯಲ್ಲಿ ಕನಿಷ್ಠ 100 ಸಿಂಗಾಪುರ ಡಾಲರ್‌ನಷ್ಟು ಖರೀದಿಸಿದರೆ ಪಾಸ್‌ಪೋರ್ಟ್ ತೋರಿಸಿ. ಚಾಂಗಿ ವಿಮಾನ ನಿಲ್ದಾಣದಲ್ಲಿ ತೆರಿಗೆಯ ಬಹುಪಾಲು ವಾಪಸ್ ಪಡೆಯಬಹುದು. ಬುಗಿಸ್‌ನ ಪುಟ್ಟ ಅಂಗಡಿಗಳಲ್ಲಿ ಇದನ್ನು ನಿರೀಕ್ಷಿಸಬೇಡಿ.