7,000 ಪೌಂಡಿನ ಟ್ರೈಲರ್‌ಗೆ ಹಾಫ್-ಟನ್ ಪಿಕಪ್ ಸಾಕೇ? ದೀರ್ಘ ಬಳಕೆಯ ವಿಮರ್ಶೆ

ಎಂಜಿನ್ ಬಗ್ಗೆ ದೂರಿಲ್ಲ. 9,500 ಪೌಂಡ್ ಟೋ ರೇಟಿಂಗ್ (ಎಳೆಯಬಹುದಾದ ಗರಿಷ್ಠ ತೂಕ) ಇರುವ ಈ ಹಾಫ್-ಟನ್, ಅಂದರೆ ಹಗುರ ವರ್ಗದ ಪಿಕಪ್, ತುಂಬಿದಾಗ 7,000 ಪೌಂಡ್ ತೂಗುವ ಟ್ರಾವೆಲ್ ಟ್ರೈಲರನ್ನು (ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ) ಏರಿನಲ್ಲೂ ಏದುಸಿರು ಬಿಡದೆ ಎಳೆಯುತ್ತದೆ. ಭಾರ ಎಳೆಯುವಾಗ ಬಳಸುವ ಟೋ-ಹಾಲ್ ಮೋಡ್ ಹಾಕಿದರೆ ಇಳಿಜಾರಿನಲ್ಲಿ ಗೇರ್ ತಾನೇ ಇಳಿದು ಬ್ರೇಕ್ ಕಾಯುವುದು ತಪ್ಪುತ್ತದೆ. ಕೊರತೆ ಇರುವುದು ಎಳೆಯುವುದರಲ್ಲಲ್ಲ, ಹೊರುವುದರಲ್ಲಿ.

ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಹಳದಿ-ಬಿಳಿ ಸ್ಟಿಕರ್ ಕಾಣುತ್ತದೆ. ಜನ, ಸಾಮಾನು ಎಲ್ಲ ಸೇರಿ ಎಷ್ಟು ಮೀರಬಾರದು ಎಂಬ ಪೇಲೋಡ್ ಅಂಕಿ ಅಲ್ಲಿದೆ. ಈ ಗಾಡಿಯಲ್ಲಿ 1,600 ಪೌಂಡ್. ಟ್ರೈಲರಿನ ತೂಕದಲ್ಲಿ ಶೇ. 10ರಿಂದ 15ರಷ್ಟು ಹಿಚ್ (ಟ್ರೈಲರನ್ನು ಪಿಕಪ್‌ಗೆ ಕೂಡಿಸುವ ಕೊಂಡಿ) ಮೇಲೆ ಕೂರುತ್ತದೆ, ಅದೂ ಪೇಲೋಡ್ ಲೆಕ್ಕಕ್ಕೇ ಸೇರುತ್ತದೆ. ಶೇ. 13 ಎಂದರೂ 910. ಸರಳುಗಳ ಮೂಲಕ ಆ ಭಾರವನ್ನು ಮುಂದಿನ ಆಕ್ಸಲ್‌ಗೂ ಹಂಚುವ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ಚಿನದ್ದೇ 100. ಉಳಿದದ್ದು 590. ತಲಾ 150ರ ನಾಲ್ವರು ಕೂತರೆ ಅದೂ ಮುಗಿದು 10 ಪೌಂಡ್ ಹೆಚ್ಚೇ ಆಯಿತು, ಹಿಂದಿನ ಬೆಡ್‌ನಲ್ಲಿ ಒಂದು ಚೀಲವೂ ಇಲ್ಲದೆ! ಟೋ ರೇಟಿಂಗ್ ನೋಡಿದರೆ ಮಾತ್ರ ಇನ್ನೂ 2,500 ಬಾಕಿ. ವಾಹನ ಎಂಜಿನಿಯರ್‌ಗಳ ಸಂಸ್ಥೆ ಎಸ್‌ಎಇಯ ಜೆ2807 ಎಂಬ ಟೋ ಪರೀಕ್ಷೆಯ ಮಾನದಂಡದ ಪ್ರಕಾರ ಆ ರೇಟಿಂಗ್ ಕಟ್ಟುವಾಗ ಗಾಡಿಯಲ್ಲಿ ತಲಾ 150 ಪೌಂಡಿನ ಇಬ್ಬರನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಹಾಗಾಗಿ ಇಬ್ಬರ ಪ್ರಯಾಣಕ್ಕೆ ಈ ಜೋಡಿ ಸರಿ; ನಾಲ್ವರಿದ್ದರೆ ಜಿವಿಡಬ್ಲ್ಯುಆರ್ (ತುಂಬಿದಾಗ ಮೀರಬಾರದ ಒಟ್ಟು ತೂಕ) 5,500 ಪೌಂಡ್ ಮೀರದ ಟ್ರೈಲರ್ ಹುಡುಕಿ, ಇಲ್ಲವೇ ಇನ್ನೂ ಹೆಚ್ಚು ಹೊರುವ ತ್ರೀ-ಕ್ವಾರ್ಟರ್-ಟನ್ ಪಿಕಪ್ ಕೊಳ್ಳಿ.

ಟ್ರೈಲರ್ ಮಾರುವವರು ಹೇಳುವ 'ಡ್ರೈ ವೇಟ್' ನಂಬಬೇಡಿ. ಅದರಲ್ಲಿ ನೀರಿಲ್ಲ, ಪಾತ್ರೆ-ಹಾಸಿಗೆ ಇಲ್ಲ. 40 ಗ್ಯಾಲನ್ ಟ್ಯಾಂಕ್ ತುಂಬಿದರೆ ನೀರೊಂದೇ ಸುಮಾರು 330 ಪೌಂಡ್. ಟ್ಯಾಂಕ್ ಆಕ್ಸಲ್‌ಗಿಂತ ಮುಂದಿದ್ದರೆ ಹಿಚ್ ಮೇಲಿನ ಭಾರ ಏರುತ್ತದೆ, ಹಿಂದಿದ್ದರೆ ಇಳಿಯುತ್ತದೆ. ಶೇ. 10ಕ್ಕಿಂತ ಕಡಿಮೆಯಾದರೆ ಟ್ರೈಲರ್ ಬಾಲ ಆಡಿಸಲು ಶುರುಮಾಡುತ್ತದೆ. ಟ್ರೈಲರಿನ ಹಿಂದಿನ ಬಂಪರ್‌ಗೆ ಸೈಕಲ್ ಕಟ್ಟುವುದೂ ಇದೇ ತಪ್ಪು. ತೂಗಾಟ ಶುರುವಾದರೆ ಪಿಕಪ್ ಬ್ರೇಕ್ ಒತ್ತಬೇಡಿ: ಸ್ಟಿಯರಿಂಗ್ ನೇರ ಹಿಡಿದು, ಆಕ್ಸಿಲರೇಟರ್ ಬಿಟ್ಟು, ಟ್ರೈಲರ್ ಬ್ರೇಕಿನ ಕೈ ಲಿವರ್ ಮಾತ್ರ ಒತ್ತಿ.

ನಿಜವಾದ ತೂಕ ತಿಳಿಯಲು ಟ್ರಕ್ ಸ್ಟಾಪಿನ ತೂಕದ ಸೇತುವೆಯಲ್ಲಿ ಮೂರು ಸಲ ತೂಗಿಸಿ: ಪ್ರಯಾಣಕ್ಕೆ ಹೊರಟಂತೆ ಎಲ್ಲರೂ ಕೂತಿರಲಿ; ಮೊದಲು ಹಿಚ್ ಸರಳುಗಳು ಬಿಗಿದಿರುವಾಗ, ಆಮೇಲೆ ಸರಳು ಕಳಚಿ, ಕೊನೆಗೆ ಟ್ರೈಲರ್ ಬಿಟ್ಟು ಪಿಕಪ್ ಒಂದೇ. ಎರಡನೆಯ ಚೀಟಿಯಲ್ಲಿ ಪಿಕಪ್‌ನ ಎರಡೂ ಆಕ್ಸಲ್ ಕೂಡಿಸಿ, ಮೂರನೆಯದನ್ನು ಕಳೆದರೆ ಸಿಗುವುದೇ ಹಿಚ್ ಭಾರ. ಮೊದಲ ಚೀಟಿಯ ಹಿಂದಿನ ಆಕ್ಸಲ್ ಅಂಕಿಯನ್ನು ಬಾಗಿಲ ಕಂಬದಲ್ಲಿರುವ ಹಿಂಬದಿ ಜಿಎಡಬ್ಲ್ಯುಆರ್ (ಆ ಆಕ್ಸಲ್ ಹೊರಬಹುದಾದ ಗರಿಷ್ಠ ತೂಕ) ಜತೆ ಹೋಲಿಸಿ. ಮುಂದಿನ ಆಕ್ಸಲ್ ತೀರಾ ಹಗುರವಾಗಿದ್ದರೆ ಸ್ಟಿಯರಿಂಗ್ ತೇಲಿದಂತಾಗುತ್ತದೆ. ಕೈಪಿಡಿ ಹೇಳಿದಷ್ಟು ಭಾರ ಮರಳುವವರೆಗೆ ಸರಳುಗಳನ್ನು ಬಿಗಿಯಬೇಕು. ಆದರೆ ಸರಳು ಎಷ್ಟೇ ಬಿಗಿದರೂ ಸ್ಟಿಕರ್‌ನ 1,600 ಹೆಚ್ಚುವುದಿಲ್ಲ. ಹಿಚ್ ಕೂರಿಸುವ ಪಿಕಪ್‌ನ ಹಿಂಬದಿಯ ರಿಸೀವರ್‌ನ ಚೀಟಿಯನ್ನೂ ಓದಿ, ಸರಳು ಇದ್ದಾಗ ಮತ್ತು ಇಲ್ಲದಾಗ ಮಿತಿ ಬೇರೆ ಬೇರೆ ಇರುತ್ತದೆ.

ಪಿಕಪ್‌ನಿಂದಲೇ ಟ್ರೈಲರ್ ಬ್ರೇಕ್ ನಿಯಂತ್ರಿಸುವ ಬ್ರೇಕ್ ಕಂಟ್ರೋಲರ್ ಚೆನ್ನಾಗಿದೆ. ಖಾಲಿ ಸಮತಟ್ಟು ಜಾಗದಲ್ಲಿ 20-25 ಮೈಲಿ ವೇಗದಲ್ಲಿ ಲಿವರ್ ಪೂರ್ತಿ ಒತ್ತಿ, ಟ್ರೈಲರ್ ಚಕ್ರ ಜಾರುವ ಅಂಚಿಗೆ ಬಂದರೂ ಜಾರದಂತೆ ಗೇನ್ (ಟ್ರೈಲರ್ ಬ್ರೇಕಿನ ಬಲದ ಮಟ್ಟ) ಇಡಿ. ನೀರು ತುಂಬಿದ ದಿನ, ಖಾಲಿ ಇದ್ದ ದಿನ ಒಂದೇ ಗೇನ್ ನಡೆಯದು, ಪ್ರತಿ ಸಲ ಹೊರಡುವ ಮುಂಚೆ ನೋಡಿಕೊಳ್ಳಬೇಕು.