ಹಳೇ ರೂಟರ್‌ಗೆ ಸ್ಟಾಕ್, ಡಿಡಿ-ವರ್ಟ್, ಓಪನ್‌ವರ್ಟ್: ಮೂರೂ ಹಾಕಿ ನೋಡಿದ್ದು

ಮೊದಲೇ ಹೇಳಿಬಿಡ್ತೇನೆ, ನನ್ನ ಓಟು ಓಪನ್‌ವರ್ಟ್‌ಗೆ. ಒಂದೇ ರೂಟರ್‌ಗೆ ಕಂಪನಿಯ ಸ್ಟಾಕ್ ಫರ್ಮ್‌ವೇರ್ (ರೂಟರನ್ನು ನಡೆಸುವ ಒಳಗಿನ ಸಾಫ್ಟ್‌ವೇರ್), ಆಮೇಲೆ ಅದರ ಬದಲಿಗೆ ಹಾಕುವ ಬೇರೆ ಫರ್ಮ್‌ವೇರ್‌ಗಳಾದ ಡಿಡಿ-ವರ್ಟ್, ಆಮೇಲೆ ಓಪನ್‌ವರ್ಟ್ ಹಾಕಿ, ಅದೇ ಮನೆ ಅದೇ ಫೈಬರ್ ಲೈನಿನಲ್ಲಿ ಓಡಿಸಿ ನೋಡಿದ ಮೇಲೆ ಬರೀತಾ ಇದ್ದೇನೆ. ರೂಟರ್ ಸೆಕೆಂಡ್ ಹ್ಯಾಂಡ್, ಮಂಗಳೂರಿನ ಹಂಪನಕಟ್ಟೆಯಲ್ಲಿ ಗುರ್ತದವರ ಅಂಗಡಿಯಲ್ಲಿ 900 ರೂಪಾಯಿಗೆ ಸಿಕ್ಕಿತು. ಎಸಿ1750 ಕ್ಲಾಸಿಂದು, ಕ್ವಾಲ್ಕಾಮ್ ಅಥೆರೋಸ್ ಚಿಪ್, 16 ಎಂಬಿ ಫ್ಲ್ಯಾಶ್ (ಫರ್ಮ್‌ವೇರ್ ಕೂರುವ ಜಾಗ), 128 ಎಂಬಿ ರ‍್ಯಾಮ್. ಈ ಕೊನೆಯ ಎರಡು ನಂಬರ್ ನೋಡಿಯೇ ತಗೊಂಡದ್ದು, ಯಾಕಂದ್ರೆ 4 ಎಂಬಿ ಫ್ಲ್ಯಾಶ್ 32 ಎಂಬಿ ರ‍್ಯಾಮ್ ಇರುವ ಹಳೇ ರೂಟರ್‌ಗಳಿಗೆ ಈಗಿನ ಓಪನ್‌ವರ್ಟ್ ಹಿಡಿಸುದೇ ಇಲ್ಲ, 8 ಎಂಬಿ 64 ಎಂಬಿ ಇದ್ರೂ ಎಕ್ಸ್‌ಟ್ರಾ ಪ್ಯಾಕೇಜ್ ಹಾಕ್ಲಿಕ್ಕೆ ಜಾಗ ಸಾಲುದಿಲ್ಲ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಮಾಡೆಲ್ ಹೆಸರಿನ ಜೊತೆ ಅಡಿಯಲ್ಲಿ ಸ್ಟಿಕ್ಕರಿನಲ್ಲಿ ಬರೆದ ಹಾರ್ಡ್‌ವೇರ್ ವರ್ಷನ್ ಕೂಡ ನೋಡಿ, ವಿ2 ವಿ5 ಅಂತ ಇರ್ತದಲ್ಲ ಅದು, ಒಂದೇ ಹೆಸರಿನಲ್ಲಿ ಒಳಗೆ ಬೇರೆಯೇ ಚಿಪ್ ಇರ್ತದೆ, ತಪ್ಪು ಫೈಲ್ ಹಾಕಿದ್ರೆ ರೂಟರ್ ಸತ್ತ ಹಾಗೆಯೇ.

ಫ್ರೆಶ್‌ಟೊಮ್ಯಾಟೊ ಅನ್ನುವ ಇನ್ನೊಂದು ಫರ್ಮ್‌ವೇರನ್ನು ಯಾಕೆ ಬಿಟ್ಟೆ ಅಂತ ಕೇಳ್ತೀರಿ, ಅದು ಬ್ರಾಡ್‌ಕಾಮ್ ಚಿಪ್ಪಿಗೆ ಮಾತ್ರ. ನಿಮ್ಮದು ಬ್ರಾಡ್‌ಕಾಮ್ ಆದ್ರೆ ಅದನ್ನೇ ನೋಡಿ, ಓಪನ್‌ವರ್ಟ್‌ನಲ್ಲಿ ಬ್ರಾಡ್‌ಕಾಮ್ ವೈಫೈ ಸರಿ ನಡೆಯುದಿಲ್ಲ.

ಸ್ಟಾಕ್ ಬಗ್ಗೆ ಜಾಸ್ತಿ ಹೇಳ್ಲಿಕ್ಕೆ ಇಲ್ಲ. ಹಾರ್ಡ್‌ವೇರ್ ನ್ಯಾಟ್ (ನೆಟ್ ಟ್ರಾಫಿಕ್ ದಾಟಿಸುವ ಕೆಲಸವನ್ನು ಚಿಪ್ಪೇ ನೇರ ಮಾಡುದು) ಇರುವ ಕಾರಣ ಸ್ಪೀಡ್ ಚೆನ್ನಾಗಿ ಬರ್ತದೆ, ಇದು ದೊಡ್ಡ ಪಾಯಿಂಟ್, ಯಾಕಂದ್ರೆ ಈ ಚಿಪ್ಪಿಗೆ ಓಪನ್‌ವರ್ಟ್‌ನಲ್ಲಿ ಆ ಸೌಲಭ್ಯ ಇಲ್ಲ. ನಿಮ್ಮ ಹತ್ರ 500 ಎಂಬಿಪಿಎಸ್ ಪ್ಲಾನ್ ಇದ್ದು ಇಂಥದ್ದೇ ಹಳೇ ರೂಟರ್ ಆದ್ರೆ ಸ್ಟಾಕ್‌ನಲ್ಲೇ ಇರಿ ಅಥವಾ ಹೊಸದು ತಗೊಳ್ಳಿ. ಆದ್ರೆ ಏನಾದ್ರೂ ಕೈ ಕೊಟ್ಟಾಗ ಯಾಕೆ ಕೈ ಕೊಟ್ಟಿತು ಅಂತ ನೋಡ್ಲಿಕ್ಕೆ ಅಲ್ಲಿ ಎಂತ ಸಹ ಇಲ್ಲ, ರೀಸ್ಟಾರ್ಟ್ ಮಾಡುದು, ಕಾಯುದು, ಪುನಃ ರೀಸ್ಟಾರ್ಟ್ ಮಾಡುದು, ಅಷ್ಟೇ.

ಡಿಡಿ-ವರ್ಟ್ ಒಳ್ಳೇದೇ. ಹಾಕಿದ ತಕ್ಷಣ ವೈಫೈ ಆನ್ ಇರ್ತದೆ, ಓಪನ್‌ವರ್ಟ್‌ನ ಹಾಗೆ ವೈಫೈ ಆಫ್ ಇಟ್ಟು ಲ್ಯಾನ್ ಕೇಬಲ್ ಹುಡುಕಿಸುದಿಲ್ಲ. ನಮ್ಮದು ಕುಲಶೇಖರದಲ್ಲಿ ಕೆಂಪುಕಲ್ಲಿನ ಹಳೇ ಮನೆ, ಆ ಗೋಡೆ ದಾಟಿ 5 ಗಿಗಾಹರ್ಟ್ಸ್ ಸಿಗ್ನಲ್ ಹಿಂದಿನ ಕೋಣೆಗೆ ಮುಟ್ಟುದೇ ಇಲ್ಲ, ಹಾಗಾಗಿ ಒಂದು ರೂಟರನ್ನು ಇನ್ನೊಂದಕ್ಕೆ ವೈಫೈ ಮೂಲಕ ಜೋಡಿಸ್ಬೇಕು, ಆ ರಿಪೀಟರ್ ಕೆಲಸ ಡಿಡಿ-ವರ್ಟ್‌ನಲ್ಲಿ ಡ್ರಾಪ್‌ಡೌನ್‌ನಿಂದ ಮೋಡ್ ಆರಿಸಿದ್ರೆ ಮುಗೀತು. ತಲೆಬಿಸಿ ಆಗುದು ಬಿಲ್ಡ್, ಅಂದ್ರೆ ಫರ್ಮ್‌ವೇರಿನ ಆವೃತ್ತಿ, ಆರಿಸುದ್ರಲ್ಲಿ. ಅದರ ಸೈಟಿನ ರೂಟರ್ ಡೇಟಾಬೇಸಿನಲ್ಲಿ ಹಳೇ ಬಿಲ್ಡ್ ತೋರಿಸ್ತದೆ, ಹೊಸದು ಬೇಕಾದ್ರೆ ತಾರೀಕಿನ ಪ್ರಕಾರ ಇಟ್ಟ ಬೀಟಾ ಫೋಲ್ಡರಿಗೆ ಹೋಗಿ, ಯಾವ ಬಿಲ್ಡ್ ನಿಮ್ಮ ಮಾಡೆಲಿಗೆ ಸರಿ ಉಂಟು ಅಂತ ಬೇರೆಯವರ ಅನುಭವ ಓದಿ ತಗೊಳ್ಬೇಕು. ಬಿಲ್ಡ್ ಬದಲಿಸಿದಾಗ ಹಳೇ ಬ್ಯಾಕಪ್ ಫೈಲ್ ಹಾಕ್ಲಿಕ್ಕೆ ಹೋಗ್ಬೇಡಿ, ರಿಸೆಟ್ ಮಾಡಿ ಎಲ್ಲ ಸೆಟಿಂಗ್ ಕೈಯಲ್ಲೇ ಪುನಃ ಹಾಕುದು ಸೇಫ್. 30-30-30 ರಿಸೆಟ್ (30 ಸೆಕೆಂಡಿನ ಮೂರು ಹಂತ ರಿಸೆಟ್ ಬಟನ್ ಒತ್ತಿ ಹಿಡಿಯುದು) ಅಂತ ಎಲ್ಲ ಕಡೆ ಬರೆದಿರ್ತಾರೆ, ಅದು ಹಳೇ ಬ್ರಾಡ್‌ಕಾಮ್ ಕಾಲದ ಕ್ರಮ, ಈಗಿನ ರೂಟರ್‌ಗೆ ಬೇಡ.

ಈಗ ಓಪನ್‌ವರ್ಟ್. ನನ್ನನ್ನು ಅತಿ ಜಾಸ್ತಿ ಸತಾಯಿಸಿದ್ದೂ ಇದೇ, ಆದ್ರೂ ಇದೇ ಇಷ್ಟ ಯಾಕೆ ಅಂತ ಆ ಒಂದು ಸಮಸ್ಯೆಯಿಂದಲೇ ಗೊತ್ತಾಗ್ತದೆ, ಸ್ವಲ್ಪ ಉದ್ದಕ್ಕೆ ಹೇಳ್ತೇನೆ.

ಡಿಎನ್‌ಎಸ್, ಅಂದ್ರೆ ಸೈಟಿನ ಹೆಸರಿನಿಂದ ಐಪಿ ನಂಬರ್ ಹುಡುಕುವ ವ್ಯವಸ್ಥೆ, ಎನ್‌ಕ್ರಿಪ್ಟ್ ಆಗ್ಲಿ ಅಂತ ಸ್ಟಬಿ ಅನ್ನುವ ಪ್ಯಾಕೇಜ್ ಹಾಕಿದ್ದೆ. ತಿಂಗಳುಗಟ್ಟಲೆ ಎಂತ ತೊಂದ್ರೆ ಇಲ್ಲ. ಮಳೆಗಾಲ ಶುರು ಆಯ್ತು, ಗಾಳಿಗೆ ತೆಂಗಿನ ಮಡಲು ಲೈನಿನ ಮೇಲೆ ಬಿದ್ದು ಕರೆಂಟ್ ಹೋಯ್ತು, ಮಿನಿ ಯುಪಿಎಸ್ ಎಷ್ಟು ಹೊತ್ತು ಎಳೀತದೆ, ಅದೂ ಖಾಲಿಯಾಗಿ ರೂಟರ್ ಆಫ್. ಕರೆಂಟ್ ಬಂದ ಮೇಲೆ ರೂಟರ್ ಆನ್, ವೈಫೈ ಕನೆಕ್ಟ್, ಪಿಪಿಪಿಒಇ (ನೆಟ್ ಕಂಪನಿಗೆ ಲಾಗಿನ್ ಆಗುವ ಕ್ರಮ) ಸಹ ಕನೆಕ್ಟ್, 8.8.8.8 ಗೆ ಪಿಂಗ್ ಹೋಗ್ತದೆ, ಆದ್ರೆ ಒಂದೇ ಒಂದು ಸೈಟ್ ಓಪನ್ ಆಗುದಿಲ್ಲ. ರೀಸ್ಟಾರ್ಟ್ ಮಾಡಿದ್ರೂ ಅದೇ ಕಥೆ. ಲೈನ್ ಸರಿ ಇದ್ದು ಹೆಸರು ಮಾತ್ರ ಸಿಕ್ತಾ ಇಲ್ಲ ಅಂದ್ರೆ ಡಿಎನ್‌ಎಸ್ ಅಂತ ಗೊತ್ತಾಯ್ತು, ಆದ್ರೆ ನಿನ್ನೆವರೆಗೆ ಸರಿ ಇದ್ದ ಡಿಎನ್‌ಎಸ್ ಇವತ್ತು ಯಾಕೆ ಇಲ್ಲ?

ಎಸ್‌ಎಸ್‌ಎಚ್ ಮೂಲಕ ರೂಟರಿನ ಕಮಾಂಡ್ ಲೈನಿಗೆ ಹೋಗಿ, ಲಾಗ್ ತೋರಿಸುವ ಲಾಗ್‌ರೀಡ್ ಕಮಾಂಡ್ ಕೊಟ್ಟು ನೋಡಿದ್ರೆ ಪ್ರತಿ ಸಾಲಿನ ಎಡಗಡೆ ತಾರೀಕು ಫೆಬ್ರವರಿ. ಹೊರಗೆ ಜುಲೈ ಮಳೆ ಹೊಯ್ತಾ ಉಂಟು, ರೂಟರ್ ಒಳಗೆ ಫೆಬ್ರವರಿ. ಸ್ಟಬಿಯ ಲಾಗ್ ಲೆವೆಲ್ ಏರಿಸಿದ ಮೇಲೆ ಕಾರಣ ಸಿಕ್ಕಿತು, ಸರ್ವರಿನ ಸರ್ಟಿಫಿಕೇಟ್ (ಅದರ ಗುರುತಿನ ಚೀಟಿ) ಇನ್ನೂ ಚಾಲ್ತಿಗೇ ಬಂದಿಲ್ಲ ಅಂತ ಅದು ಕನೆಕ್ಷನ್ ಬಿಡ್ತಾ ಇತ್ತು.

ಆಗುದು ಇಷ್ಟೇ. ಮನೆ ರೂಟರ್‌ಗಳಲ್ಲಿ ಸಾಮಾನ್ಯವಾಗಿ ಗಡಿಯಾರಕ್ಕೆ ಬ್ಯಾಟರಿ ಇರುದಿಲ್ಲ, ಕರೆಂಟ್ ಹೋದ್ರೆ ಟೈಮ್ ಮರ್ತು ಹೋಗ್ತದೆ. ಓಪನ್‌ವರ್ಟ್ ಬೂಟ್ ಆಗುವಾಗ ಸೆಟಿಂಗ್ ಫೈಲ್‌ಗಳಿರುವ ಇಟಿಸಿ ಫೋಲ್ಡರಿನಲ್ಲಿ ಕೊನೆಗೆ ಬದಲಾದ ಫೈಲ್ ಯಾವುದು ಅಂತ ನೋಡಿ ಅದರ ತಾರೀಕನ್ನೇ ಸದ್ಯದ ಟೈಮ್ ಅಂತ ಇಟ್ಕೊಳ್ತದೆ, ಆಮೇಲೆ ಎನ್‌ಟಿಪಿ (ನೆಟ್‌ನಿಂದ ಸರಿ ಟೈಮ್ ತರುವ ವ್ಯವಸ್ಥೆ) ಮೂಲಕ ಸರಿ ಮಾಡ್ಕೊಳ್ತದೆ. ನಾನು ಸೆಟಿಂಗ್ ಕೊನೆಗೆ ಮುಟ್ಟಿದ್ದು ಫೆಬ್ರವರಿಯಲ್ಲಿ. ಡಿಎನ್‌ಎಸ್ ಸರ್ವರಿನವರು ಸರ್ಟಿಫಿಕೇಟ್ ಹೊಸತು ಮಾಡಿದ್ದು ಅದರ ನಂತರ. ಹಾಗಾಗಿ ಫೆಬ್ರವರಿಯಲ್ಲಿ ಕೂತ ರೂಟರಿಗೆ ಆ ಸರ್ಟಿಫಿಕೇಟ್ ಭವಿಷ್ಯದ್ದು. ಟೈಮ್ ಸರಿ ಮಾಡ್ಲಿಕ್ಕೆ ಎನ್‌ಟಿಪಿ ಸರ್ವರಿನ ವಿಳಾಸ ಬೇಕು, ಆ ವಿಳಾಸ ಬೇಕಾದ್ರೆ ಡಿಎನ್‌ಎಸ್ ಬೇಕು, ಡಿಎನ್‌ಎಸ್ ಬೇಕಾದ್ರೆ ಟೈಮ್ ಸರಿ ಇರ್ಬೇಕು. ಅಲ್ಲೇ ಗಂಟು. ಬೇಸಿಗೆಯಲ್ಲಿ ಕರೆಂಟ್ ಹೋದಾಗ ಇದು ಯಾಕೆ ಕಾಣ್ಲಿಲ್ಲ ಅಂದ್ರೆ ಆಗ ಹಳೇ ಸರ್ಟಿಫಿಕೇಟೇ ನಡೀತಾ ಇತ್ತು.

ಅರ್ಜೆಂಟಿಗೆ ಪರಿಹಾರ ಸುಲಭ. ಬ್ರೌಸರಿನಲ್ಲಿ 192.168.1.1 ಹಾಕಿದ್ರೆ ಲೂಸಿ ಅನ್ನುವ ಓಪನ್‌ವರ್ಟ್ ಸೆಟಿಂಗ್ ಪೇಜ್ ಬರ್ತದೆ, ಅದಕ್ಕೆ ಡಿಎನ್‌ಎಸ್ ಬೇಡ, ಸಿಸ್ಟಮ್ ಮೆನುವಿನಲ್ಲಿ ಬ್ರೌಸರ್ ಜೊತೆ ಟೈಮ್ ಸಿಂಕ್ ಮಾಡುವ ಬಟನ್ ಉಂಟು, ಒತ್ತಿದ್ರೆ ಸ್ವಲ್ಪ ಹೊತ್ತಿನಲ್ಲಿ ನೆಟ್ ಬಂತು. ಆದ್ರೆ ನಾನು ಕೆಲಸಕ್ಕೆ ಹೋಗಿರುವಾಗ ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳ್ಲಿಕ್ಕೆ ಆಗ್ತದಾ ಮಾರಾಯ್ರೆ, ರೂಟರ್ ತಾನಾಗಿಯೇ ಎದ್ದು ನಿಲ್ಬೇಕು.

ಖಾಯಂ ಪರಿಹಾರ ಒಂದೇ ಸಾಲು. ನೆಟ್‌ವರ್ಕ್ ಮೆನು, ಡಿಎಚ್‌ಸಿಪಿ ಮತ್ತು ಡಿಎನ್‌ಎಸ್ ಪೇಜು, ಡಿಎನ್‌ಎಸ್ ಫಾರ್ವರ್ಡ್ ಕಾಲಮಿನಲ್ಲಿ /ಪೂಲ್.ಎನ್‌ಟಿಪಿ.ಆರ್ಗ್/1.1.1.1 ಅಂತ ಸೇರಿಸುದು, ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಅಂದ್ರೆ ಗಡಿಯಾರದ ಸರ್ವರಿನ ಹೆಸರು ಮಾತ್ರ ಎನ್‌ಕ್ರಿಪ್ಟ್ ಇಲ್ಲದೆ ನೇರ ಕೇಳ್ತದೆ, ಬಾಕಿ ಎಲ್ಲ ಸ್ಟಬಿ ಮೂಲಕವೇ. ಎನ್‌ಟಿಪಿಗೆ ಹೆಸರಿನ ಬದಲು ಐಪಿ ನಂಬರ್ ಹಾಕಿ ಅಂತ ಕೆಲವರು ಹೇಳ್ತಾರೆ, ಪೂಲಿನ ಐಪಿಗಳು ಬದಲಾಗ್ತಾ ಇರ್ತವೆ, ನಂಬ್ಲಿಕ್ಕೆ ಆಗುದಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಉಂಟು, ಯಾರೂ ಹೇಳುದಿಲ್ಲ. ಈ ಸಾಲು ಸೇವ್ ಮಾಡಿದ ಕೂಡ್ಲೆ ಇಟಿಸಿಯ ಒಂದು ಫೈಲಿಗೆ ಇವತ್ತಿನ ತಾರೀಕು ಬಂತಲ್ಲ, ಈಗ ಅಡಾಪ್ಟರ್ ತೆಗೆದು ಹಾಕಿ ಟೆಸ್ಟ್ ಮಾಡಿದ್ರೆ ಹೇಗೂ ಪಾಸ್ ಆಗ್ತದೆ, ನೀವು ಬರೆದ ಸಾಲು ತಪ್ಪಿದ್ರೂ ಪಾಸ್. ಇದೇ ಕಾರಣಕ್ಕೆ ಏನೋ ಒಂದು ಸೆಟಿಂಗ್ ಬದಲಿಸಿ "ಸರಿ ಆಯ್ತು" ಅಂದವರಿಗೆ ಕೆಲವು ತಿಂಗಳ ನಂತರ ಪುನಃ ಅದೇ ಬರುದು. ನಿಜವಾಗಿ ಟೆಸ್ಟ್ ಮಾಡ್ಬೇಕಾದ್ರೆ ಎಸ್‌ಎಸ್‌ಎಚ್‌ನಲ್ಲಿ ಡೇಟ್ ಕಮಾಂಡಿನಿಂದ ತಾರೀಕನ್ನು ಒಂದು ವರ್ಷ ಹಿಂದೆ ಇಟ್ಟು, ಸ್ಟಬಿ ಮತ್ತು ಎನ್‌ಟಿಪಿ ಸರ್ವಿಸ್ ಎರಡನ್ನೂ ರೀಸ್ಟಾರ್ಟ್ ಮಾಡಿ, ತಾರೀಕು ತಾನಾಗಿ ಮುಂದೆ ಬರ್ತದಾ ನೋಡಿ. ಬಂದ್ರೆ ನಿಶ್ಚಿಂತೆ. ನಮ್ಮಲ್ಲಿ ಆಮೇಲೆ ಎಷ್ಟು ಸಲ ಕರೆಂಟ್ ಹೋಗಿ ಬಂದ್ರೂ ಯಾರೂ ರೂಟರ್ ಮುಟ್ಲಿಕ್ಕೆ ಇಲ್ಲ.

ಇದೇ ನನಗೆ ಮುಖ್ಯ ಆದದ್ದು. ಸ್ಟಾಕ್‌ನಲ್ಲಿ ಈ ಸಮಸ್ಯೆ ಬರುದಿಲ್ಲ, ಯಾಕಂದ್ರೆ ನನ್ನ ರೂಟರಿನ ಸ್ಟಾಕ್‌ನಲ್ಲಿ ಎನ್‌ಕ್ರಿಪ್ಟೆಡ್ ಡಿಎನ್‌ಎಸ್ಸೇ ಇಲ್ಲ. ಓಪನ್‌ವರ್ಟ್‌ನಲ್ಲಿ ಬರ್ತದೆ, ಆದ್ರೆ ಯಾಕೆ ಅಂತ ಲಾಗ್ ಹೇಳ್ತದೆ, ಒಂದು ಸಲ ಸರಿ ಮಾಡಿದ್ರೆ ಸರಿ.

ಎರಡನೇ ಕಾರಣ ಎಸ್‌ಕ್ಯೂಎಂ, ಲೈನ್ ತುಂಬಿದಾಗ ಒಬ್ಬರಿಂದ ಇನ್ನೊಬ್ಬರಿಗೆ ತಡೆ ಆಗದ ಹಾಗೆ ಟ್ರಾಫಿಕ್ ಸಂಭಾಳಿಸುವ ಪ್ಯಾಕೇಜ್. ನಮ್ಮದು 100 ಎಂಬಿಪಿಎಸ್ ಪ್ಲಾನ್, ಅದರಲ್ಲಿ ಕೇಕ್ ಅನ್ನುವ ವಿಧಾನ ಆರಿಸಿ ಡೌನ್‌ಲೋಡ್ ಅಪ್‌ಲೋಡ್ ಎರಡನ್ನೂ 90ಕ್ಕೆ ಇಟ್ಟಿದ್ದೇನೆ. ಮೊದಲು ಯಾರಾದ್ರೂ ಮದುವೆ ಫೋಟೋ ಅಪ್‌ಲೋಡ್ ಮಾಡ್ತಾ ಇದ್ರೆ ನನ್ನ ವೀಡಿಯೊ ಕಾಲ್ ತುಂಡು ತುಂಡು ಆಗ್ತಿತ್ತು, ಈಗ ಇಲ್ಲ. ಹತ್ತು ಎಂಬಿಪಿಎಸ್ ಬಿಟ್ಟುಕೊಟ್ಟದ್ದು ನನಗೆ ಲೆಕ್ಕಕ್ಕೇ ಇಲ್ಲ. ಸಾಫ್ಟ್‌ವೇರ್ ಫ್ಲೋ ಆಫ್‌ಲೋಡಿಂಗ್ (ಸ್ಪೀಡ್ ಏರಿಸುವ ಒಂದು ಸೆಟಿಂಗ್) ಆನ್ ಇದ್ರೆ ಆಫ್ ಮಾಡಿ, ಎರಡೂ ಒಟ್ಟಿಗೆ ಪೂರ್ತಿ ಸರಿ ನಡೆಯುದಿಲ್ಲ.

5 ಗಿಗಾಹರ್ಟ್ಸ್ ಆನ್ ಮಾಡಿದ್ರೂ ಕಾಣುದಿಲ್ಲ ಅಂದ್ರೆ ಚಾನೆಲ್ ನೋಡಿ, 52ರಿಂದ 144ರವರೆಗಿನ ಡಿಎಫ್‌ಎಸ್ ಚಾನೆಲ್ (ರೇಡಾರ್ ಜೊತೆ ಹಂಚಿಕೊಳ್ಳುವಂಥದ್ದು) ಆದ್ರೆ ರೇಡಾರ್ ಉಂಟಾ ಅಂತ ಕನಿಷ್ಠ 60 ಸೆಕೆಂಡ್ ಕೇಳಿಯೇ ಶುರು ಆಗುದು. 36 ಹಾಕಿ, ಕಂಟ್ರಿ ಕೋಡ್ ಇಂಡಿಯಾ ಇಡಿ. ಫೋನ್ ಪದೇಪದೇ 5 ಗಿಗಾಹರ್ಟ್ಸ್‌ನಿಂದ ಬಿಟ್ಟು ಹೋಗ್ತಿದ್ರೆ ವೈಫೈ ಚಿಪ್ಪಿನ ಎಟಿಎಚ್10ಕೆ ಸಿಟಿ ಡ್ರೈವರ್ ಮತ್ತು ಅದರ ಫರ್ಮ್‌ವೇರ್ ಎರಡನ್ನೂ ತೆಗೆದು ಸಿಟಿ ಅಲ್ಲದ ಜೋಡಿ ಹಾಕಿ ನೋಡಿ, ನನಗೆ ಅದರಿಂದ ಸರಿ ಆಯ್ತು.

ಅಪ್ಡೇಟ್ ವಿಷಯದಲ್ಲಿ ಓಪನ್‌ವರ್ಟ್ ಮೇಲೆ ಗೌರವ ಜಾಸ್ತಿ. 2004ರಿಂದ ನಡೆದು ಬಂದ ಪ್ರಾಜೆಕ್ಟ್, 2016ರಲ್ಲಿ ಲೀಡ್ ಅಂತ ಒಡೆದು 2018ರಲ್ಲಿ ಪುನಃ ಒಂದಾಯ್ತು, 2025ರ ಫೆಬ್ರವರಿಯಲ್ಲಿ ಬಂದ 24.10 ನನ್ನ ಹಳೇ ರೂಟರಿಗೂ ಸಿಕ್ಕಿತು. ಕಿರಿಕಿರಿ ಒಂದೇ, ಅಪ್‌ಗ್ರೇಡ್ ಮಾಡಿದಾಗ ಸೆಟಿಂಗ್ ಉಳೀತದೆ, ನೀವು ಹಾಕಿದ ಪ್ಯಾಕೇಜ್ ಉಳಿಯುದಿಲ್ಲ. ಅಟೆಂಡೆಡ್ ಸಿಸ್‌ಅಪ್‌ಗ್ರೇಡ್ ಅನ್ನುವ ಸೌಲಭ್ಯ ಬಳಸಿದ್ರೆ ಪ್ಯಾಕೇಜ್ ಸಮೇತ ಇಮೇಜ್ ತಯಾರು ಮಾಡಿ ಕೊಡ್ತದೆ.

ಸೆಟಿಂಗ್ ಕೆಟ್ಟು ಒಳಗೆ ಹೋಗ್ಲಿಕ್ಕೇ ಆಗದಿದ್ರೆ ಫೇಲ್‌ಸೇಫ್ ಉಂಟು, ಬೂಟ್ ಆಗುವಾಗ ಎಲ್‌ಇಡಿ ಮಿನುಗ್ತದೆ, ಆಗ ಬಟನ್ ಒತ್ತಿದ್ರೆ ಬೇಗಬೇಗ ಮಿನುಗ್ಲಿಕ್ಕೆ ಶುರು ಮಾಡ್ತದೆ, ಲ್ಯಾಪ್‌ಟಾಪಿಗೆ 192.168.1.2 ಕೊಟ್ಟು ಒಳಗೆ ಹೋಗಿ ಸರಿ ಮಾಡ್ಬಹುದು. ಫ್ಲ್ಯಾಶ್ ಮಾಡುವ ಕೆಲಸ ಮಾತ್ರ ಸಿಡಿಲಿನ ಸಂಜೆ ಇಟ್ಕೊಳ್ಬೇಡಿ, ಬೆಳಿಗ್ಗೆ ಯುಪಿಎಸ್ ಫುಲ್ ಇರುವಾಗ ಮಾಡಿ.

ಹೊಸ ವೈಫೈ 6 ರೂಟರಿಗೆ ನಾಲ್ಕೈದು ಸಾವಿರ ಕೊಡುವ ಬಜೆಟ್ ಇದ್ದು ಲಾಗ್ ಓದುವ ಅಭ್ಯಾಸ ಇಲ್ಲದವರು ಅದನ್ನೇ ತಗೊಂಡು ಸ್ಟಾಕ್‌ನಲ್ಲಿ ಇರಿ. ರಿಪೀಟರ್ ಮಾತ್ರ ಬೇಕು ಅನ್ನುವವರಿಗೆ ಡಿಡಿ-ವರ್ಟ್ ಧಾರಾಳ ಸಾಕು, ಹಿಂದಿನ ಕೋಣೆಯ ಎರಡನೇ ರೂಟರಿನಲ್ಲಿ ನಾನೂ ಅದನ್ನೇ ಬಿಟ್ಟಿದ್ದೇನೆ. ಮನೆಯಿಂದ ಕೆಲಸ, ಸಾವಿರದ ಒಳಗಿನ ಖರ್ಚು, 100 ಎಂಬಿಪಿಎಸ್ ಲೈನ್, ಮಳೆಗಾಲದ ಕರೆಂಟು, ಇಷ್ಟು ನಿಮ್ಮದೂ ಆಗಿದ್ರೆ ಮುಖ್ಯ ರೂಟರಿಗೆ ಓಪನ್‌ವರ್ಟ್ ಹಾಕಿ, ಸ್ಟಬಿ ಹಾಕುವ ದಿನವೇ ಆ ಎನ್‌ಟಿಪಿ ಸಾಲನ್ನೂ ಸೇರಿಸಿಬಿಡಿ.